ಹಸಿರು ಚೀಟಿ ಹಿಡಿದು ಕೂತ ಒಂದು ಗಂಟೆ ಇಪ್ಪತ್ತು ನಿಮಿಷ

ನನ್ನ ಹೆಸರು, ತಂದೆಯ ಹೆಸರು ಮೇಲಿನ ಕಾಲಮಿನಲ್ಲಿ ಬರೆದುಕೊಂಡಿರುವಂತೆ. ವಯಸ್ಸು 61. ಕೆಲಸ ಟೈಲರಿಂಗ್, ಹೆಂಗಸರ ಬಟ್ಟೆ ಮಾತ್ರ. ವಾಸ ಅಂಗಡಿಯ ಮೇಲಿನ ಮಹಡಿ. ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಒಂಬತ್ತು ವರ್ಷದಿಂದ ಒಂದು ದೊಡ್ಡ ಗಂಡು ನಾಯಿಯನ್ನು ಸಾಕಿಕೊಂಡಿದ್ದೆನು. ಮರಿಯಾಗಿದ್ದಾಗ ಹೊಲಿಗೆ ಮಷೀನಿನ ಬಾಬಿನ್ ಕಚ್ಚಿಕೊಂಡು ಓಡುತ್ತಿದ್ದುದರಿಂದ ಅದಕ್ಕೆ ಬಾಬಿನ್ ಎಂದೇ ಹೆಸರಾಯಿತು.

ನಿನ್ನೆ ಭಾನುವಾರ ಮಧ್ಯಾಹ್ನ 12.10ಕ್ಕೆ ಬಾಬಿನ್ ವಾಂತಿ ಮಾಡಲು ಒದ್ದಾಡಿತು, ಏನೂ ಬರಲಿಲ್ಲ. ಹೊಟ್ಟೆ ಉಬ್ಬಿತ್ತು. ಟೇಪು ಕೊರಳಲ್ಲೇ ಇದ್ದುದರಿಂದ ಸುತ್ತಳತೆ ತೆಗೆದೆನು, 33 ಇಂಚು. ಹತ್ತು ನಿಮಿಷ ಬಿಟ್ಟು ತೆಗೆದಾಗ ಮೂವತ್ತನಾಲ್ಕೂವರೆ. ನಾವು ಮಾಮೂಲಾಗಿ ತೋರಿಸುವ ಡಾಕ್ಟರು ಭಾನುವಾರ ಬಾಗಿಲು ತೆಗೆಯುವುದಿಲ್ಲ. ಆದ್ದರಿಂದ ಪಕ್ಕದಂಗಡಿಯ ಬೀಗ ರಿಪೇರಿಯವರ ಕಾರಿನಲ್ಲಿ ಮೂರೂವರೆ ಕಿಲೋಮೀಟರ್ ದೂರದ ಪ್ರಾಣಿಗಳ ತುರ್ತು ಚಿಕಿತ್ಸೆಯ ಕ್ಲಿನಿಕ್ಕಿಗೆ 12.50ಕ್ಕೆ ಹೋದೆವು.

ಅಲ್ಲಿ ಕೌಂಟರಿನಲ್ಲಿರುವವರು ಪ್ರಾಣಿಯನ್ನು ಕೂತಲ್ಲಿಂದಲೇ ನೋಡಿ ಚೀಟಿ ಕೊಡುವುದು ಪದ್ಧತಿ. ಕೆಂಪಾದರೆ ತಕ್ಷಣ ಒಳಗೆ, ಹಸಿರಾದರೆ ಕಾಯಬೇಕು. ನಾನು ಎರಡೂ ಅಳತೆ ಹೇಳಿದೆನು. ಕೌಂಟರಿನಲ್ಲಿದ್ದ ಹೆಣ್ಣುಮಗಳು, ಜಾಸ್ತಿ ತಿಂದಿರ್ಬೇಕು ಸಾರ್, ನೋಡಿ ಎಷ್ಟು ಜಾಣನ ಥರ ಕೂತಿದೆ ಎಂದು ಹಸಿರು ಚೀಟಿ ಕೊಟ್ಟರು. ನಮ್ಮ ಹಿಂದೆ ಬಂದ ಒಂದು ಪುಟ್ಟ ನಾಯಿ ಉಗುರು ಮುರಿದುಕೊಂಡು ಸೂರು ಕಿತ್ತುಹೋಗುವಂತೆ ಅರಚುತ್ತಿತ್ತು. ಅದಕ್ಕೆ ಕೆಂಪು ಸಿಕ್ಕಿತು.

1.15ಕ್ಕೆ ನನ್ನ ಹೆಂಡತಿ ಫೋನ್ ಮಾಡಿ, ಅತ್ರೇನೇ ಅಮ್ಮ ಹಾಲು ಕೊಡೋದು, ಎದ್ದು ಗಲಾಟೆ ಮಾಡ್ರೀ ಎಂದಳು. ಗಲಾಟೆ ನನ್ನ ಜಾಯಮಾನವಲ್ಲ. ಗಿರಾಕಿಗಳು ಬಟ್ಟೆ ಮುಖದ ಮೇಲೆ ಎಸೆದರೂ ಸರಿ ಮಾಡಿಕೊಡ್ತೀನಮ್ಮಾ ಎನ್ನುವವನು ನಾನು. 1.20ಕ್ಕೆ ಒಮ್ಮೆ, 1.40ಕ್ಕೆ ಒಮ್ಮೆ ಕೌಂಟರಿಗೆ ಹೋಗಿ ಮೆಲ್ಲಗೆ ಕೇಳಿದೆನು. ಸರದಿ ಬಂದಾಗ ಕರೀತೀವಿ ಎಂದರು.

ಮುಂದಿನದನ್ನು ಮುಚ್ಚಿಟ್ಟರೆ ಈ ಹೇಳಿಕೆಗೆ ಅರ್ಥವಿಲ್ಲ. 1.45ಕ್ಕೆ ಬಾಬಿನ್ ನನ್ನ ಮಂಡಿಯ ಮೇಲೆ ಮುಖವಿಟ್ಟು ನರಳತೊಡಗಿತು. ಕೂತವರೆಲ್ಲ ತಿರುಗಿ ನೋಡಿದರು. ಅಳತೆ ಕೊಡಲು ಬರುವ ಹೆಂಗಸರು ಹೆದರಬಾರದೆಂದು ನಾನು ಅದಕ್ಕೆ ಮರಿಯಿದ್ದಾಗಲೇ ಒಂದು ಪಾಠ ಕಲಿಸಿದ್ದೆನು. ನಾನು ಬೆರಳೆತ್ತಿದರೆ ಸದ್ದು ಮಾಡಕೂಡದು. ಒಂಬತ್ತು ವರ್ಷದಲ್ಲಿ ಆ ಹೊತ್ತಿನವರೆಗೆ ಅದು ಒಂದು ಸಲವೂ ತಪ್ಪಿರಲಿಲ್ಲ. ಕ್ಲಿನಿಕ್ಕಿನ ಒಳಗೆ ಕಾಲಿಡುವಾಗಲೇ ಅಭ್ಯಾಸಬಲದಿಂದ ಬೆರಳೆತ್ತಿದ್ದೆನು. ಈಗ ನಾಲ್ಕು ಜನರ ಮುಂದೆ ಸಂಕೋಚವಾಗಿ ಮತ್ತೆ ಎತ್ತಿದೆನು. ಬಾಬಿನ್ ಬಾಲ ಅಲ್ಲಾಡಿಸಿ ಸುಮ್ಮನಾಯಿತು.

2.10ಕ್ಕೆ ಒಳಗೆ ಕರೆದರು. ಡಾಕ್ಟರು ಹೊಟ್ಟೆ ಮುಟ್ಟಿದ ಕೂಡಲೇ, ಇದನ್ನ ಯಾಕ್ರೀ ಹೊರಗೆ ಕೂರಿಸಿದ್ರಿ ಎಂದು ಕೌಂಟರಿನ ಕಡೆಗೆ ಕೂಗಿದರು. ಹೊಟ್ಟೆ ಒಳಗೇ ತಿರುಚಿಕೊಂಡಿದೆ, ಈಗಲೇ ಆಪರೇಷನ್ ಆಗಬೇಕು, ಆದರೆ ಆಪರೇಷನ್ ಮಾಡುವ ಡಾಕ್ಟರು ಭಾನುವಾರ ಬರುವುದಿಲ್ಲ, ಹನ್ನೊಂದು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಓಡಿ ಎಂದು ನನಗೆ ತಿಳಿಸಿದರು. ಈ ಮಾತನ್ನು ಬಾಗಿಲಲ್ಲೇ ಹೇಳಿದ್ದರೆ 12.50ಕ್ಕೇ ಅಲ್ಲಿಗೆ ಹೋಗುತ್ತಿದ್ದೆನಲ್ಲ ಎಂದು ಕೇಳಿದೆನು. ಅವರು ಆ ಆಸ್ಪತ್ರೆಯ ವಿಳಾಸ ಬರೆದು ಕೈಗಿಟ್ಟರು.

ಅರ್ಧ ದಾರಿಯಲ್ಲಿ, 2.35ಕ್ಕೆ, ಅದೇ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಬಾಬಿನ್ ಸತ್ತುಹೋಯಿತು. ಅದಕ್ಕೆ ಮುಂಚೆ ದಾರಿಯುದ್ದಕ್ಕೂ, ನರಳು ಮಗಾ, ಕೂಗು ಎಂದು ನಾನು ಬೇಡಿಕೊಂಡೆನು. ಅದು ನನ್ನ ಕೈಯನ್ನೇ ನೋಡುತ್ತಿತ್ತು, ಕೊನೆಯವರೆಗೂ ಸದ್ದು ಮಾಡಲಿಲ್ಲ.

ದೂರು ಯಾರ ಮೇಲೆ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದರು. ಒಂದು, ಮುಟ್ಟಿಯೂ ನೋಡದೆ ಚೀಟಿ ಕೊಟ್ಟವರ ಮೇಲೆ. ಎರಡು, ಆಪರೇಷನ್ನಿಗೆ ಜನವಿಲ್ಲವೆಂದು ಮೊದಲೇ ಹೇಳದ ಕ್ಲಿನಿಕ್ಕಿನ ಮೇಲೆ. ಮೂರನೆಯದು ನನ್ನ ಮೇಲೆ. ದೂರು ಕೊಟ್ಟವರನ್ನೇ ಆರೋಪಿ ಅಂತ ಬರೆಯೋಕೆ ಬರಲ್ಲ, ಮನೆಗೆ ಹೋಗಿ ಸ್ವಲ್ಪ ಮಲಕ್ಕೊಳಿ ಯಜಮಾನ್ರೇ ಎಂದು ಪೇದೆಯವರು ಹೇಳಿದರು. ನಾನು ಮೇಜು ಗುದ್ದಿ, ಠಾಣೆಯಲ್ಲಿದ್ದವರೆಲ್ಲ ಎದ್ದು ಬರುವಂತೆ ಕಿರುಚಿದೆನು. ಆಗ ಬರೆದುಕೊಂಡರು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ಇದರಲ್ಲಿ ಸುಳ್ಳಿಲ್ಲ, ಮೂರನೆಯದರಲ್ಲಂತೂ ಇಲ್ಲವೇ ಇಲ್ಲ.

ಸ್ಥಳ: ಠಾಣೆಯ ಬರಹದ ಕೋಣೆ
ದಿನ: ಸೋಮವಾರ, ಬೆಳಿಗ್ಗೆ 10.40
ಸಹಿ: (ದೂರುದಾರ ಮತ್ತು ಮೂರನೆಯ ಆರೋಪಿ)