ಹದಿನೇಳನೇ ತಾರೀಕು, ಹನ್ನೆರಡು ಗಂಟೆಯ ಅಂಕೆ

ಹೆಸರು ಶೀನ, ವಯಸ್ಸು 54, ಊರು ಬೈಂದೂರಿನ ಹತ್ತಿರ. ರಾಯಪುರಂನಲ್ಲಿ ಮಧುಸೂದನ್ ರಾಯರ ಸಸ್ಯಾಹಾರಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸ, ವಾಸ ಹೋಟೆಲಿನ ಮೇಲಿನ ಕೋಣೆ. ಶಾಲೆ ಐದನೇ ಕ್ಲಾಸಿನ ಅರ್ಧದವರೆಗೆ. ತಮಿಳು ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ನನ್ನ ಕೈಯಾರೆ ಬರೆದು ಠಾಣೆಗೆ ತಿಳಿಸುವುದು ಏನಂದರೆ:

ಮೂರು ದಿನದಿಂದ ನನಗೆ ಒಂದೇ ಕನಸು. ಧೂಳಿನ ಅಂಕೆ ಬರೆದ ನನ್ನ ಪುಸ್ತಕ ಬಿಡಿಸಿದರೆ ಅಂಕೆಗಳೆಲ್ಲ ಅಳಿಸಿಹೋಗಿ ಹಾಳೆ ಬಿಳಿ. ಇದು ಕೇಸಿಗೆ ಬೇಕೋ ಬೇಡವೋ ಗೊತ್ತಿಲ್ಲ. ಪುಸ್ತಕ ಈಗ ನಿಮ್ಮ ಹತ್ತಿರ ಇರುವುದರಿಂದ ಹೇಳಿದೆ.

03-06-2025ರಂದು ಬೆಳಿಗ್ಗೆ 10 ಗಂಟೆಗೆ ಕಲ್ಲಿದ್ದಲು ಯಾರ್ಡಿನವರು ಕಳಿಸಿದ ಇಂಜಿನಿಯರ್ ತಿರುಮಲೇಶ ಎಂಬವರು ನಮ್ಮ ತಾರಸಿಯಲ್ಲಿ ಧೂಳು ಅಳೆಯುವ ಪೆಟ್ಟಿಗೆ ಇಟ್ಟರು. ಅಲ್ಲಿಂದ ಯಾರ್ಡಿಗೆ 400 ಮೀಟರ್. ಗಾಳಿ ನೋಡಿ ಇಲ್ಲಿಗೆ ಎಷ್ಟು ಧೂಳು ಬರುತ್ತದೆಂದು ಅವರ ಕಂಪ್ಯೂಟರ್ ಲೆಕ್ಕ ಹಾಕಿದೆಯಂತೆ, ನಿಜಕ್ಕೂ ಬರುವ ಧೂಳು ಅಳೆದು ಅದಕ್ಕೆ ತಾಳೆ ನೋಡುವುದಂತೆ. ತಾಳೆ ಆದರೆ ಅದೇ ಲೆಕ್ಕದ ಮೇಲೆ ಯಾರ್ಡು ದೊಡ್ಡದು ಮಾಡಲು ಒಪ್ಪಿಗೆ. ತಾರಸಿಯಲ್ಲಿ ಪ್ಲಗ್ ಇಲ್ಲದ್ದರಿಂದ ಗ್ರೈಂಡರಿನ ಲೈನಿನಿಂದ ವಯರ್ ಎಳೆದುಕೊಟ್ಟವನು ನಾನೇ. ಪೆಟ್ಟಿಗೆಗೆ ಬ್ಯಾಟರಿ ಇಲ್ಲ, ವಯರ್ ತೆಗೆದರೆ ಅಂಕೆ ನಿಲ್ಲುತ್ತದೆ, ಯಾರೂ ಮುಟ್ಟಬಾರದು ಎಂದರು. ಒಳಗಿನ ಕಾರ್ಡಿನಲ್ಲಿ ಅಂಕೆ ತಾನಾಗಿ ಸೇರುತ್ತದೆ, ಆದರೂ 8, 12, 4 ಗಂಟೆಗೆ ನೋಡಿ ಪುಸ್ತಕದಲ್ಲಿ ಬರೆಯಿರಿ ಎಂದರು.

ಒಂದು ದಿನವೂ ತಪ್ಪಿಸಿಲ್ಲ. ಕನ್ನಡಕ ಹಾಕಿ ಎರಡೆರಡು ಸಲ ನೋಡಿ ಬರೆದೆ. ಕಡಲ ಗಾಳಿ ಎದ್ದ ಮೇಲೆ ಅಂಕೆ ಏರುತ್ತಿತ್ತು, 4 ಗಂಟೆಗೆ 140ರ ಕೆಳಗೆ ಇಳಿದದ್ದು ಎರಡೇ ದಿನ. ಆ ಹೊತ್ತಿಗೆ ಒಣಹಾಕಿದ ಪಂಚೆ ಕೊಡವಿದರೂ ಕೈ ಕಪ್ಪಾಗುತ್ತದೆ.

24-06ರಂದು ಅವರು ಕಾರ್ಡು ತೆಗೆದುಕೊಂಡು ಹೋದರು. 01-07ರಂದು 11-15ಕ್ಕೆ ಅಚ್ಚು ಹಾಕಿದ ಹಾಳೆ ಹಿಡಿದು ಬಂದರು. ಕಾಫಿ ಕುಡಿಯುತ್ತ, ನಾನು ಬಿಡಿಸಿ ತೋರಿಸಿದ ಪುಸ್ತಕ ನೋಡಿ, "ಏನ್ ಶೀನಣ್ಣ, ಕಂಪ್ಯೂಟರ್ ಅರವತ್ತು ಅಂದ್ರೆ ನಿಮ್ ಬುಕ್ಕು ನೂರನಲವತ್ತು ಅಂತದಲ್ಲ. ಸಾಂಬಾರ್ ಒಗ್ಗರಣೇನೂ ಸೇರಿಸಿ ಬರೆದ್ರಾ?" ಎಂದು ನಕ್ಕರು. ಕಾರ್ಡಿನಲ್ಲಿ ಇದ್ದದ್ದು ಇಷ್ಟೇ ಎಂದು ಹಾಳೆ ತೋರಿಸಿದರು. 62, 65, 66. ಪಕ್ಕದಲ್ಲಿ ಕಂಪ್ಯೂಟರಿನದ್ದೂ ಹೆಚ್ಚುಕಡಿಮೆ ಅದೇ. ನನಗೆ ನನ್ನ ಕಣ್ಣಿನ ಮೇಲೇ ಸಂಶಯ ಬಂತು. ಆಮೇಲೆ ಅವರು ನಗುವುದು ಬಿಟ್ಟು ಪುಸ್ತಕ ಕೊಡಿ ಎಂದರು. ಮೂರು ಸಲ ಕೇಳಿದರು. ತಪ್ಪು ಅಂಕೆಯ ಪುಸ್ತಕ ಅವರಿಗೆ ಯಾಕೆ ಎಂದು ಕೊಡಲಿಲ್ಲ.

02-07ರಂದು, ಯಾರ್ಡು ಬೇಡವೆನ್ನುವವರ ಮಾತು ಕೇಳಿ ನಾನು ಸುಳ್ಳು ಅಂಕೆ ಬರೆದಿದ್ದೇನೆಂದು ಅವರ ದೂರು ಬಂತು. ನೀವು ಕೇಳಿದ ಮೇಲೆ ಪುಸ್ತಕ ಠಾಣೆಗೆ ಒಪ್ಪಿಸಿದೆ. ಠಾಣೆಯಲ್ಲಿ ತೀರ್ಮಾನ ಆಗುವವರೆಗೆ ಅಡಿಗೆಮನೆಗೆ ಇಳಿಯಬೇಡ ಎಂದು ಧಣಿಗಳು ಹೇಳಿದ್ದಾರೆ. ಈಗ ಬೇರೆಯವರು ರುಬ್ಬುತ್ತಾರೆ. ಮೇಲೆ ಮಲಗಿದ್ದರೂ ಉದ್ದಿಗೆ ನೀರು ಸಾಲದು ಎಂದು ಗ್ರೈಂಡರಿನ ಸದ್ದಿನಲ್ಲೇ ತಿಳಿಯುತ್ತದೆ.

ಇಷ್ಟೂ ನಾನು ಕಂಡದ್ದು, ನಾನೇ ಬರೆದದ್ದು. ಯಾರೂ ಹೇಳಿಕೊಟ್ಟದ್ದಲ್ಲ.

ಸ್ಥಳ: ರಾಯಪುರಂ, ಚೆನ್ನೈ
ದಿನಾಂಕ: 04-07-2025
ಸಹಿ: ಶೀನ

ಸಹಿ ಹಾಕಿದ ಮೇಲೆ ಸೇರಿಸುವುದು: ದೂರಿನ ಜೊತೆ ಅವರು ಕೊಟ್ಟ ಹಾಳೆಯನ್ನು ಈಗ ನನಗೆ ತೋರಿಸಿದಿರಿ. ಅದರಲ್ಲಿ 17-06, ಮಧ್ಯಾಹ್ನ 12 ಗಂಟೆಗೆ 61 ಎಂದಿದೆ. ಆ ದಿನ ರಿಪೇರಿಗೆಂದು ಬೆಳಿಗ್ಗೆ 9ರಿಂದ 2ರವರೆಗೆ ಬೀದಿಗೇ ಕರೆಂಟ್ ಇರಲಿಲ್ಲ. ಹಿಟ್ಟು ಅರ್ಧಕ್ಕೆ ನಿಂತು, ಧಣಿಗಳೇ ದೋಸೆ ಇಲ್ಲ ಎಂದು ಬೋರ್ಡು ಬರೆದರು. ನನ್ನ ಪುಸ್ತಕದಲ್ಲಿ ಆ ಹೊತ್ತಿಗೆ ಅಂಕೆ ಇಲ್ಲ, ಗೀಟು ಇದೆ. ದಯವಿಟ್ಟು ಆ ಒಂದು ಸಾಲು ಇನ್ನೊಮ್ಮೆ ನೋಡಬೇಕು.