ಅನಗವಾಡಿ ಎಂಬ ಅಡ್ಡಹೆಸರು

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ತಾಯಿ, ಮಗ ಮುಧೋಳದ ಬಸ್ಸಿಗೆ ಕಾಯುತ್ತಿದ್ದರು. ಮಗನಿಗೆ ಹೆಣ್ಣು ನೋಡಲು ಹೊರಟವರು. ತಾಯಿ ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ.

“ಮಾಲಿಂಗ, ಈ ಹೆಣ್ಣು ಬ್ಯಾಡೋ. ಅವರ ಅಡ್ಡಹೆಸರೂ ಅನಗವಾಡಿ, ನಮ್ದೂ ಅನಗವಾಡಿ.”

“ಬೆಡಗು, ಗೋತ್ರ ಬ್ಯಾರೆ ಐತಲ್ಲಬೇ. ಅಡ್ಡಹೆಸರು ಬರೇ ಊರಿಂದು.”

“ಅನಗವಾಡ್ಯಾಗ ಇದ್ದಾಗ ನಮಗ ಈ ಹೆಸರಿತ್ತೇನು? ಊರು ಬಿಟ್ಟು ಬಂದ ಮ್ಯಾಲ ಇಲ್ಲಿ ಮಂದಿ ಇಟ್ಟದ್ದು.”

“ಬಿಟ್ರ ಏನಾತು?”

“ಯಾಕ ಬಿಟ್ರಿ ಅಂತ ಬೀಗರು ಕೇಳಿದ್ರ?”

“ಯಾಕ ಬಿಟ್ವಿ?”

ತಾಯಿ ಅತ್ತಿತ್ತ ನೋಡಿ ಸೆರಗನ್ನು ಬಾಯಿಗೆ ಹಿಡಿದಳು.

“ಬೀರಪ್ಪ ದೇವರಿಗೆ ಬಿಟ್ಟ ಟಗರು ನಿಮ್ಮ ಮುತ್ಯಾ ಮಾರಿದ್ದ. ಊರ ಮಂದಿ ಹೊರಗ ಹಾಕಿದ್ರು.”

“ಆ ಟಗರು ಕೊಂಡಾಂವ ಯಾರು?”

“ಬಾಜೂ ಮನಿಯಾಂವ. ಅಂವನ್ನೂ ಹಾಕಿದ್ರು. ಮುಧೋಳ ಕಡೆ ಹೋದ ಅಂತಿದ್ರು.”

ಮಗ ತಾಯಿಯ ಮುಖವನ್ನೇ ನೋಡಿದ.

“ಹಂಗಾರ ಯಾಕ ಬಿಟ್ರಿ ಅಂತ ಬೀಗರು ಕೇಳಂಗಿಲ್ಲ, ಯವ್ವಾ.”

ಅಷ್ಟರಲ್ಲಿ ಮುಧೋಳದ ಬಸ್ಸು ಬಂತು. ಸೀಟು ಹಿಡಿಯಲು ಮೊದಲು ಓಡಿದವಳು ತಾಯಿಯೇ.