ಕೈ ತಡೆದ ಜಾಗ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದ ಯಶೋದಮ್ಮನ ಪಕ್ಕದಲ್ಲೇ ಒಬ್ಬ ಅಪ್ಪ, ಕಾಲೇಜು ಓದುವ ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ಹಸಿ ಜೇಡಿಮಣ್ಣಿನಲ್ಲಿ ಮಾಡಿದ ಮೊಳದುದ್ದದ ಕಾರು. ಅದಕ್ಕೆ ತಗುಲೀತೆಂದು ಯಶೋದಮ್ಮ ತಮ್ಮ ಚೀಲವನ್ನು ಇತ್ತ ಎಳೆದುಕೊಂಡರು, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟರು.

"ಸ್ಪೋರ್ಟ್ಸ್ ಕಾರು ಅಂದ್ರೆ ಹಳೇದೇ ಕಣಮ್ಮಿ. ದುಂಡು ದೀಪ, ಉದ್ದ ಮೂತಿ."

"ಹಳೇದನ್ನ ಆಗ್ಲೇ ಯಾರೋ ಮಾಡವ್ರೆ ಕಣಪ್ಪ. ನಾನ್ಯಾಕೆ ಮತ್ತೆ ಮಾಡ್ಲಿ?"

"ಚಾಮರಾಜನಗರದ ಮಾಡೆಲ್ ಕಾಂಪಿಟೇಷನ್ನಲ್ಲಿ ನೋಡೋರ ಕಣ್ಗೆ ಇಡಿಸ್ಬೇಕಲ್ಲ."

"ಕಣ್ಣಿನ ಮಾತು ಬುಡು. ಗ್ಯಾರೇಜಲ್ಲಿ ನೆಗ್ಗಿದ ಕಾರ್ನ ಬಡ್ದು ಟಿಂಕರಿಂಗ್ ಮುಗಿಸ್ಬುಟ್ಟು ನೀನು ಏನ್ಮಾಡ್ತೀಯ?"

"ಕಣ್ಮುಚ್ಕೊಂಡು ತಡವ್ತೀನಿ. ಕಣ್ಗೆ ಕಾಣ್ದಿರೋ ತಗ್ಗು ಅಂಗೈಗೆ ಸಿಕ್ತದೆ."

"ಇದನ್ನೂ ಅಂಗೇ ನೋಡು."

ಅಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಕಣ್ಣು ಮುಚ್ಚಿದ. ಕೈ ಕಾರಿನ ಮೂತಿಯಿಂದ ಮೆಲ್ಲಗೆ ಹಿಂದಕ್ಕೆ ಸರಿಯಿತು. ಯಶೋದಮ್ಮ ಕತ್ತು ಚಾಚಿ ನೋಡಿದರು. ಹಿಂಬದಿಗೆ ಬಂದು ಕೈ ನಿಂತಿತು.

"ಇಲ್ಲಿಗಂಟ ನೀರು ಅರ್ದಂಗೆ ಕೈ ಜಾರ್ತದೆ. ಇಲ್ಲಿ ಕೈ ತಡೀತದೆ. ಇದ್ಯಾಕಮ್ಮಿ ಇಂಗ್ ಮಾಡ್ದೆ?"

"ಅದೊಂದ್ನ ನಿನ್ ಮಾತು ಕೇಳಿ ಹಳೇ ಕಾರಿನ ತರ ಮಾಡ್ದೆ."

ಅಪ್ಪ ಕಣ್ಣು ಬಿಡಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

"ಎಷ್ಟೊತ್ಗೆ ಕೊಡ್ಬೇಕು?"

"ಅನ್ನೊಂದು ಗಂಟೆಗೆ."

"ಬ್ಲೇಡ್ ತಂದಿದ್ದೀಯಾ?"

"ಬ್ಯಾಗಲ್ಲದೆ."

ಚಾಮರಾಜನಗರದ ಬಸ್ಸು ಬಂತು. ಅಪ್ಪ ಕಾರನ್ನು ಹಸುಗೂಸಿನಂತೆ ಎತ್ತಿಕೊಂಡು ಎದ್ದ.

"ನಡಿ. ಅಲುಗಾಡ್ದಂಗೆ ನಾನು ಇಡ್ಕತೀನಿ. ತೆರಕಣಾಂಬಿ ಬರೋಷ್ಟ್ರಲ್ಲಿ ಅದನ್ನ ಕೆತ್ತಿ ಬಿಸಾಕು."